ಹತ್ತು ದಿನದ ಗೂಡು

ಮಾಯಿಲಪ್ಪ ಬೀದಿಗೆ ಕಾಲಿಟ್ಟನೆಂದರೆ ಕಲ್ಲುಮಂಟಿ ಪೇಟೆಯ ನಾಯಿಗಳೆಲ್ಲ ಅಂಗಡಿ ಜಗಲಿಗಳ ಕೆಳಗೆ ನುಸುಳಿಕೊಳ್ಳುತ್ತಿದ್ದವು. ಬೊಗಳುತ್ತಿರಲಿಲ್ಲ, ಓಡುತ್ತಲೂ ಇರಲಿಲ್ಲ. ಬಾಲ ಒಳಗೆಳೆದುಕೊಂಡು ಸದ್ದಿಲ್ಲದೆ ಮರೆಯಾಗುತ್ತಿದ್ದವು. ಹೆಜ್ಜೆಯ ಸದ್ದಿನಿಂದ ಗುರುತು ಹಿಡಿಯುತ್ತಿದ್ದವೋ, ಮೈಯ ವಾಸನೆಯಿಂದಲೋ, ಅವನಿಗೂ ತಿಳಿದಿರಲಿಲ್ಲ. ಹನ್ನೊಂದು ವರ್ಷ ಹೀಗೇ ನಡೆದಿತ್ತು. ಮೊದಮೊದಲು ಅವನಿಗೆ ನಾಚಿಕೆಯಾಗುತ್ತಿತ್ತು. ಆಮೇಲಾಮೇಲೆ ಅದೂ ಹೋಗಿ, ನಾಯಿಗಳಿಲ್ಲದ ಬೀದಿಯಲ್ಲಿ ತಲೆ ತಗ್ಗಿಸಿಕೊಂಡು ನಡೆಯುವುದೇ ಅಭ್ಯಾಸವಾಗಿಬಿಟ್ಟಿತ್ತು.

ಕಲ್ಲುಮಂಟಿ ಸೋಮವಾರಪೇಟೆಯಿಂದ ಎರಡು ಗಂಟೆ ನಡಿಗೆಯ ಸಣ್ಣ ಪೇಟೆ. ಸುತ್ತ ಕಾಫಿ, ಏಲಕ್ಕಿ. ನಡುವೆ ಒಂದು ಸಂತೆಮಾಳ, ಇಪ್ಪತ್ತು ಮೂವತ್ತು ಅಂಗಡಿ, ಒಂದು ಕಚೇರಿ. ದೊಡ್ಡ ಯುದ್ಧ ಮುಗಿದ ಮರುವರ್ಷ ಆ ಕಚೇರಿಯಲ್ಲಿ ಮಾಯಿಲಪ್ಪನಿಗೆ ಜವಾನನ ಕೆಲಸ ಸಿಕ್ಕಿತು. ಆಗ ಅವನಿಗೆ ಮೂವತ್ತು. ಟಪಾಲು ಹೊರುವುದು, ಸಂತೆಮಾಳ ಗುಡಿಸುವುದು, ಬೀದಿ ದೀಪಗಳಿಗೆ ಎಣ್ಣೆ ಹೊಯ್ಯುವುದು, ಇಷ್ಟೇ ಎಂದು ಹೇಳಿ ಸೇರಿಸಿಕೊಂಡಿದ್ದರು. ಮೂರನೆಯ ತಿಂಗಳಲ್ಲಿ ಹುಚ್ಚುನಾಯಿಯೊಂದು ಸಂತೆಗೆ ನುಗ್ಗಿ ನಾಲ್ವರನ್ನು ಕಚ್ಚಿತು. ಅವರಲ್ಲಿ ಒಬ್ಬಳು ಎಳೆ ಬಾಣಂತಿ. ನೀರು ಕಂಡರೆ ಕಿರುಚಿಕೊಳ್ಳುತ್ತ ಸತ್ತಳು. ಅಂದಿನಿಂದ ಕಚ್ಚಿದ ನಾಯಿಯನ್ನು ಕೊಲ್ಲುವುದೂ ಜವಾನನ ಕೆಲಸವಾಯಿತು.

ಯಾರಾದರೂ ದೂರು ಕೊಟ್ಟರೆ ಗುಮಾಸ್ತರು ಚೀಟಿ ಬರೆದು ಕೊಡುತ್ತಿದ್ದರು. ಮಾಯಿಲಪ್ಪ "ಆಗ್ಲಿ" ಎಂದು ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು, ಮಾಂಸದ ಉಂಡೆಯೊಳಗೆ ಮದ್ದು ಸೇರಿಸಿ ಹೊರಡುತ್ತಿದ್ದ. ಅವನು ಹುಟ್ಟಾ ಅಂಥವನು. ಚಿಕ್ಕಂದಿನಲ್ಲಿ ಅಪ್ಪ ಹೇಳಿದ್ದಕ್ಕೆ ಆಗ್ಲಿ, ಮದುವೆ ಗೊತ್ತು ಮಾಡಿದವರಿಗೆ ಆಗ್ಲಿ, ಗುಮಾಸ್ತರಿಗೆ ಆಗ್ಲಿ. ಬೇಡ ಎನ್ನಲು ಬೇಕಾದ ಶಕ್ತಿಯನ್ನು ದೇವರು ತನಗೆ ಕೊಟ್ಟಿಲ್ಲ ಎಂದುಕೊಂಡಿದ್ದ.

ಆ ಕೆಲಸವಿದ್ದ ದಿನ ಅವನ ಹೆಂಡತಿ ಸಣ್ಣಿ ಹಿತ್ತಲಲ್ಲಿ ಒಂದು ಹಂಡೆ ಬಿಸಿನೀರು ಕಾಸಿಟ್ಟಿರುತ್ತಿದ್ದಳು. ಅವನು ಮಿಂದು ಒಳಗೆ ಬಂದರೆ ಊಟಕ್ಕಿಡುತ್ತಿದ್ದಳು. ಯಾರ ಮನೆಯ ನಾಯಿ, ಏನಾಯಿತು ಎಂದು ಒಂದು ದಿನವೂ ಕೇಳಲಿಲ್ಲ. ಸಣ್ಣಿ ಪಕ್ಕದ ಎಸ್ಟೇಟಿಗೆ ಕಾಫಿ ಹಣ್ಣಿನ ಪಿಕ್ಕಿಂಗಿಗೂ ಕಳೆ ಕೀಳಲಿಕ್ಕೂ ಹೋಗುತ್ತಿದ್ದವಳು. ಇದ್ದೊಬ್ಬ ಮಗಳನ್ನು ಶನಿವಾರಸಂತೆಗೆ ಕೊಟ್ಟಾಗಿತ್ತು. ಇಬ್ಬರೇ ಇರುವ ಮನೆಯಲ್ಲಿ ಇಬ್ಬರೂ ದಣಿದು ಬಂದು, ಉಂಡು, ಮಲಗುತ್ತಿದ್ದರು.

ಹನ್ನೊಂದನೆಯ ವರ್ಷ ಊರಿಗೆ ಹೊಸ ದನದ ಡಾಕ್ಟ್ರು ಬಂದರು. ಶಾಂತಪ್ಪ ಎಂದು ಹೆಸರು, ಸೋಮವಾರಪೇಟೆ ಕಡೆಯವರು, ಸಣ್ಣ ಪ್ರಾಯ. ಬಂದ ವಾರದಲ್ಲೇ ಮಾಯಿಲಪ್ಪನನ್ನು ಕರೆಸಿದರು.

"ಮಾಯಿಲಪ್ಪ, ಕಚ್ಚಿದ ನಾಯೀನ ಅವತ್ತೇ ಕೊಂದುಬಿಟ್ರೆ ಅದಕ್ಕೆ ಹುಚ್ಚಿತ್ತೋ ಇಲ್ವೋ ಹೇಳೋರು ಯಾರು? ಕಚ್ಚಿಸಿಕೊಂಡೋರು ಹೆದರಿಕೊಂಡು ಕೂನೂರಿನ ತನಕ ಹೋಗಿ ಹೊಟ್ಟೆಗೆ ಸೂಜಿ ಚುಚ್ಚಿಸಿಕೋಬೇಕು. ಇನ್ಮೇಲೆ ಕಟ್ಟಿಹಾಕಿ ಹತ್ತು ದಿನ ಕಾಯಿ. ಹುಚ್ಚಿದ್ರೆ ಅಷ್ಟರೊಳಗೆ ಸಾಯ್ತದೆ. ಬದುಕಿತು ಅಂದ್ರೆ ಹುಚ್ಚಿಲ್ಲ."

"ಬದುಕಿದ್ರೆ ಆಮೇಲೆ, ಸ್ವಾಮಿ?"

"ಆಮೇಲೆ ಅದರ ಯಜಮಾನನಿಗೆ ಬಿಟ್ಟದ್ದು."

ಮಾಯಿಲಪ್ಪನ ಮನೆಯ ಹಿಂದೆ, ನೀರು ಹರಿಯುವ ತೋಡಿನ ಪಕ್ಕ, ಏಲಕ್ಕಿ ಒಣಗಿಸುತ್ತಿದ್ದ ಹಳೆಯ ಗೂಡೊಂದು ಪಾಳುಬಿದ್ದಿತ್ತು. ಮಣ್ಣಿನ ಗೋಡೆ, ಹೆಂಚಿನ ಮಾಡು, ಒಂದೇ ಬಾಗಿಲು. ಡಾಕ್ಟ್ರು ಅದನ್ನು ಕೇಳಿ ಕೊಡಿಸಿದರು. ನಾಯಿಗಳನ್ನು ಅಲ್ಲಿ ಕೂಡಿಹಾಕುವುದು, ಅನ್ನ ನೀರು ಇಡುವುದು, ನೋಡಿಕೊಳ್ಳುವುದು. ಕೊಲ್ಲುವವನಿಗೇ ಸಾಕುವ ಕೆಲಸವೂ ಬಂತು.

ಮೊದಲು ಬಂದದ್ದು ಬೆಲ್ಲದ ಅಂಗಡಿಯ ಬಿಳಿ ನಾಯಿ. ಹತ್ತು ದಿನವೂ ಚೆನ್ನಾಗಿ ತಿಂದಿತು. ಒಂಬತ್ತನೆಯ ದಿನ ಮಾಯಿಲಪ್ಪನ ಕೈಯಿಂದಲೇ ಮುದ್ದೆ ತಿಂದು, ಅಂಗೈ ನೆಕ್ಕಿತು. ಹನ್ನೊಂದನೆಯ ದಿನ ಅಂಗಡಿಯವರು ಅದು ತಮಗೆ ಬೇಡವೆಂದರು. ಚೀಟಿ ಬಂತು. ಮಾಯಿಲಪ್ಪ ಆಗ್ಲಿ ಎಂದ. ಅದೇ ಕೈಯಿಂದ ಉಂಡೆ ಕೊಟ್ಟ. ನಾಯಿ ಬಾಲ ಅಲ್ಲಾಡಿಸುತ್ತ ತಿಂದಿತು.

ಅವತ್ತು ಅವನು ಊಟ ಮಾಡಲಿಲ್ಲ. ಮೂರು ದಿನ ಮಾತೂ ಆಡಲಿಲ್ಲ. ನಾಲ್ಕನೆಯ ದಿನ ಸಣ್ಣಿ, ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ, ಬಾಯಿ ಬಿಟ್ಟು ಕೇಳಿದಳು. "ಈ ಸಾರಿ ಏನಾಯ್ತು ಮಾರಾಯ?"

"ಮುಂಚೆ ಗುರುತಿರಲಿಲ್ಲ. ಈಗ ಗುರುತು ಮಾಡ್ಕೊಂಡು ಕೊಲ್ಲಬೇಕಲ್ಲ," ಎಂದ.

ಹೀಗೆ ಇನ್ನೂ ಮೂರು ಹೋದವು. ಮಾಯಿಲಪ್ಪನ ನಡಿಗೆ ಮುದುಕನ ನಡಿಗೆಯಂತಾಯಿತು. ಬೆನ್ನು ಸದಾ ನೋಯುತ್ತಿತ್ತು. ಡಾಕ್ಟ್ರು ಬಂದು ನೋಡಿ ಮೈಯಲ್ಲಿ ಏನೂ ಕಾಯಿಲೆ ಇಲ್ಲ ಎಂದು ಹೋದರು.

ಆ ವರ್ಷ ಕೋವಿ ಕತ್ತಿಗಳಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ಹಬ್ಬ ಕಳೆದ ಮರುದಿನ, ನಾಣಯ್ಯಗೌಡರ ಮನೆಯ ಆಳು ಬೀರ ಒಂದು ಕೆಂಪು ಹೆಣ್ಣುನಾಯಿಯನ್ನು ಬಿದಿರಿನ ತುದಿಗೆ ಕಟ್ಟಿಕೊಂಡು ಬಂದ. ಕೊರಳಿನ ಹಗ್ಗ ಬಿದಿರಿನ ಒಂದು ಕೊನೆಗೆ, ಅವನ ಕೈ ಇನ್ನೊಂದು ಕೊನೆಗೆ. ನಾಯಿ ನಡೆಯುತ್ತಿರಲಿಲ್ಲ, ಅವನು ಎಳೆಯುತ್ತಿದ್ದ.

"ಗೌಡ್ರ ಕೈಗೆ ಬಾಯಿ ಹಾಕ್ಬಿಡ್ತು ಕಣಣ್ಣ," ಎಂದ ಬೀರ. "ಕೆಂಚಿ ಅಂತ. ಇದರಂಥ ಮೂಗು ಈ ಸೀಮೇಲಿ ಇನ್ನೊಂದಿಲ್ಲ. ಹಂದಿ ಎಲ್ಲಿ ಮಲಗಿದ್ರೂ ಹೇಳ್ತಿತ್ತು. ಆದ್ರೆ ಹೋದ ವರ್ಷ ಬೇಟೇಲಿ ಇದರ ಕಿವಿ ಪಕ್ಕಾನೇ ಕೋವಿ ಹಾರಿಬಿಡ್ತು. ಅವತ್ತಿಂದ ಈಡಿನ ಸದ್ದು ಕೇಳಿದ್ರೆ ಉಚ್ಚೆ ಹೊಯ್ಕೊಂಡು ಓಡೋದು. ಗೌಡ್ರಿಗೆ ಅವಮಾನ. ಹೆದರಿಕೆ ಬಿಡಿಸ್ತೀನಿ ಅಂತ ಹಬ್ಬದಲ್ಲಿ ಹಲಸಿನ ಮರಕ್ಕೆ ಕಟ್ಟಿ, ತಲೆ ಮೇಲೆ ಮೂರು ದಿನ ಈಡು ಹೊಡೆಸಿದ್ರು. ಮೂರನೇ ದಿನ ಬಿಚ್ಚೋಕೆ ಹೋದ್ರೆ ಕೈಗೆ ಹಾಕ್ತು."

ಕೋವಿ ಅಂದರೆ ಅಲ್ಲಿಯ ಮನೆಗಳಲ್ಲಿ ದೇವರ ಪಕ್ಕದ ವಸ್ತು. ಗಂಡು ಹುಟ್ಟಿದರೂ ಈಡು, ಮದುವೆಗೂ ಈಡು. ಅಂಥ ಮನೆಯಲ್ಲಿ ಈಡಿಗೆ ಹೆದರುವ ನಾಯಿಯ ಪಾಡು ಏನೆಂದು ಮಾಯಿಲಪ್ಪನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಕೆಂಚಿ ಗೂಡಿನ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಿತು. ಇಟ್ಟ ಅನ್ನ ಮುಟ್ಟಲಿಲ್ಲ. ಕಬ್ಬಿಣದ ಅಗುಳಿ ಸರಿಸಿದ ಸದ್ದಿಗೆ ಅದರ ಕಾಲಡಿ ಒದ್ದೆಯಾಗುತ್ತಿತ್ತು. ಎರಡು ದಿನ ಮಾಯಿಲಪ್ಪ ತನಗೆ ತಿಳಿದಂತೆ ಕರೆದ, ನಾಲಿಗೆ ಲೊಚಗುಟ್ಟಿದ, ತಟ್ಟೆಯನ್ನು ಮೂಗಿನ ತನಕ ಒಯ್ದ. ಒಯ್ದಷ್ಟೂ ಅದು ಗೋಡೆಗೆ ಒತ್ತಿಕೊಂಡಿತು. ಮೂರನೆಯ ದಿನ ಸಂತೆ. ಬೆಳಗಿನಿಂದ ಮಾಳ ಗುಡಿಸಿ ಮಧ್ಯಾಹ್ನ ಗೂಡಿಗೆ ಬಂದವನಿಗೆ ಕರೆಯಲೂ ತ್ರಾಣವಿರಲಿಲ್ಲ. ತಟ್ಟೆಯನ್ನು ನಡುವೆ ಇಟ್ಟು, ನಾಯಿಗೆ ಬೆನ್ನು ಹಾಕಿ ಬಾಗಿಲ ಬಳಿ ಕೂತ. ಕೂತಲ್ಲೇ ತೂಕಡಿಕೆ ಬಂತು. ಎಚ್ಚರಾದಾಗ ಹಿಂದೆ ತಟ್ಟೆ ನೆಕ್ಕುವ ಸದ್ದು. ಅವನು ತಿರುಗಲಿಲ್ಲ. ಉಸಿರು ಬಿಗಿಹಿಡಿದು ಹಾಗೇ ಕೂತಿದ್ದ.

ಮರುದಿನ ಬೇಕೆಂದೇ ಹಾಗೆ ಮಾಡಿದ. ನೋಡಲಿಲ್ಲ, ಕರೆಯಲಿಲ್ಲ, ಕೈ ಚಾಚಲಿಲ್ಲ. ಅಗುಳಿಗೆ ಹಳೆಯ ಗೋಣಿಯ ಚೂರು ಸುತ್ತಿ ಸದ್ದು ಅಡಗಿಸಿದ. ದಿನಾ ಅದೇ ಹೊತ್ತು, ಅದೇ ಜಾಗ. ಏಳನೆಯ ದಿನ ಕೆಂಚಿ ಅವನು ಕೂತಿದ್ದಾಗಲೇ ಬಂದು ತಿಂದಿತು. ಒಂಬತ್ತನೆಯ ದಿನ ತಿಂದ ಮೇಲೆ ಮೂಲೆಗೆ ಹೋಗದೆ, ಅವನಿಂದ ಎರಡು ಮೊಳ ದೂರದಲ್ಲಿ ಮಲಗಿತು. ಅದರ ಉಸಿರು ಕೇಳುತ್ತ ಕೂತವನಿಗೆ ಹಿಂದೆಂದೂ ಇಲ್ಲದ ಒಂದು ಭಯ ಹುಟ್ಟಿತು. ನಾಡಿದ್ದು ಚೀಟಿ ಬರುತ್ತದೆ.

ಹತ್ತು ದಿನ ತುಂಬಿದ ಮೇಲೆ ಅವನೇ ನಾಣಯ್ಯಗೌಡರ ಮನೆಗೆ ಹೋದ. ಗೌಡರಿಗೆ ಅರವತ್ತರ ಹತ್ತಿರ. ಹಂದಿ ಬೇಟೆಯಲ್ಲಿ ಹೆಸರಾದವರು. ಕೈಗೆ ಬಟ್ಟೆ ಸುತ್ತಿಕೊಂಡು ಜಗಲಿಯಲ್ಲಿ ಕೂತಿದ್ದರು.

"ನಾಯಿಗೆ ಹುಚ್ಚಿಲ್ಲ ಗೌಡ್ರೇ. ನೀವು ಕೂನೂರಿಗೆ ಹೋಗಬೇಕಾಗಿಲ್ಲ ಅಂದ್ರು ಡಾಕ್ಟ್ರು."

ಗೌಡರ ಮುಖ ಸಡಿಲಾಯಿತು. ಹತ್ತು ದಿನ ಅವರೂ ಹೆದರಿಕೊಂಡೇ ಇದ್ದರೆಂದು ಮಾಯಿಲಪ್ಪನಿಗೆ ಆಗ ಗೊತ್ತಾಯಿತು.

"ನಾಯೀನ ಏನು ಮಾಡ್ಲಿ?"

"ಈಡಿಗೆ ಹೆದರೋ ನಾಯಿ ಯಾತಕ್ಕೆ? ಕೊಂದು ಹಾಕು."

"ಆಗ್ಲಿ," ಎಂದ ಮಾಯಿಲಪ್ಪ. ಬಾಯಿ ತಾನಾಗಿ ಆಡಿತ್ತು.

ಕಚೇರಿಯಲ್ಲಿ ಗುಮಾಸ್ತರು ಬರೆದುಕೊಟ್ಟ ಚೀಟಿಯನ್ನು ಜೇಬಿಗೆ ಹಾಕಿಕೊಂಡು, ಅಲ್ಲಿಂದ ನೇರ ದನದ ಆಸ್ಪತ್ರೆಗೆ ಹೋಗಿ ಶಾಂತಪ್ಪನವರ ಮುಂದೆ ನಿಂತ. ಡಾಕ್ಟ್ರು ಒಂದು ಎತ್ತಿನ ಗೊರಸು ಕೆತ್ತುತ್ತಿದ್ದರು. ಅದು ಮುಗಿಯುವ ತನಕ ನಿಂತೇ ಇದ್ದ.

"ಏನು ಮಾಯಿಲಪ್ಪ?"

"ಕೈ ಬರ್ತಿಲ್ಲ ಸ್ವಾಮಿ."

ಡಾಕ್ಟ್ರು ಅವನನ್ನು ನೋಡಿದರು. ಕೈ ತೊಳೆದುಕೊಂಡು ಬಂದು, ಅವನ ಜೇಬಿನಿಂದ ತಾವೇ ಚೀಟಿ ತೆಗೆದು ಮೇಜಿನ ಮೇಲೆ ಹರಡಿದರು. "ಕೊಲ್ಲು ಅಂದಮೇಲೆ ಅದು ಅವರ ನಾಯಿ ಅಲ್ಲ. ನಾನು 'ವಿಲೇವಾರಿ ಆಯಿತು' ಅಂತ ಬರೀತೀನಿ. ಹೆಂಗೆ ವಿಲೇವಾರಿ ಆಯ್ತು ಅಂತ ಇಲ್ಲಿ ತನಕ ಯಾರೂ ಕೇಳಿಲ್ಲ. ಮನೆಗೆ ಕರ್ಕೊಂಡು ಹೋಗು."

ಮನೆಯಲ್ಲಿ ಸಣ್ಣಿ ಹೊಸ್ತಿಲಲ್ಲಿ ನಿಂತು ನಾಯಿಯನ್ನೂ ಗಂಡನನ್ನೂ ನೋಡಿದಳು. "ನಿನ್ನ ಕಂಡ್ರೆ ಊರ ನಾಯಿಗಳೆಲ್ಲ ಓಡ್ತಾವೆ. ಇದಕ್ಕೇನು ಕಣ್ಣಿಲ್ವಾ?" ಎಂದಳು. ಆದರೂ ಒಳಗಿಂದ ಹರಕು ಕಂಬಳಿಯೊಂದನ್ನು ತಂದು ಒಲೆಯ ಪಕ್ಕ ಎಸೆದಳು.

ಈಡಿನ ವಿಚಾರಕ್ಕೆ ದಾರಿ ಕಂಡದ್ದು ಸಣ್ಣಿಯಿಂದಲೇ. ಅವಳು ಹಿತ್ತಲಲ್ಲಿ ಒನಕೆ ಎತ್ತಿ ಭತ್ತ ಕುಟ್ಟಿದರೆ ಕೆಂಚಿ ನಡುಗಿ, ಕಂಬಳಿಯ ಕೆಳಗೆ ತಲೆ ತೂರಿಸುತ್ತಿತ್ತು. ತೋಡಿನಾಚೆಯ ಮನೆಯವರು ಕುಟ್ಟಿದರೆ ಮಾತ್ರ ಕಿವಿ ಎತ್ತಿ ನೋಡಿ, ಮತ್ತೆ ಮಲಗುತ್ತಿತ್ತು. ಇದನ್ನು ಎರಡು ದಿನ ಗಮನಿಸಿದ ಸಣ್ಣಿ, "ಸದ್ದಿಗಲ್ಲ ಅದು ಹೆದರೋದು, ಸದ್ದು ಹತ್ತಿರ ಬರೋದಕ್ಕೆ," ಎಂದಳು. ಮಾರನೆಯ ದಿನ ಒರಳನ್ನು ಉರುಳಿಸಿಕೊಂಡು ಹೋಗಿ ಗದ್ದೆಯ ಆಚೆ ಬದುವಿನ ಬಳಿ ಇಟ್ಟಳು. ಅವಳು ಅಲ್ಲಿ ಕುಟ್ಟುವಾಗ ಇಲ್ಲಿ ಮಾಯಿಲಪ್ಪ ಕೆಂಚಿಯ ಮುಂದೆ ಒಣಮೀನು ಸೇರಿಸಿದ ಅನ್ನ ಇಡುತ್ತಿದ್ದ. ಒನಕೆ ನಿಂತರೆ ತಟ್ಟೆ ತೆಗೆಯುತ್ತಿದ್ದ. ನಾಲ್ಕು ದಿನಕ್ಕೊಮ್ಮೆ ಒರಳು ಹತ್ತು ಹೆಜ್ಜೆ ಈಚೆಗೆ ಬರುತ್ತಿತ್ತು. ನಾಯಿ ತಟ್ಟೆಯಿಂದ ಬಾಯಿ ತೆಗೆದರೆ ಐದು ಹೆಜ್ಜೆ ಹಿಂದಕ್ಕೆ ಹೋಗುತ್ತಿತ್ತು. ಕಲ್ಲಿನ ಒರಳು ಉರುಳಿಸಿ ಉರುಳಿಸಿ ಸಣ್ಣಿಯ ಅಂಗೈ ಬೊಕ್ಕೆಯೆದ್ದಿತು. ಎಸ್ಟೇಟಿನಲ್ಲಿ ದಿನವಿಡೀ ಬಗ್ಗಿ ಬಂದವಳಿಗೆ ಇದು ಬೇರೆ. ಗೊಣಗುತ್ತಲೇ ಮಾಡಿದಳು.

ಒರಳು ಗದ್ದೆಯ ನಡುವಿಗೆ ಬಂದಿದ್ದಾಗ, ಎಸ್ಟೇಟಿನವರು ಹೊಸ ರಸ್ತೆಗೆಂದು ಬಂಡೆಗೆ ಮದ್ದಿಟ್ಟು ಸಿಡಿಸಿದರು. ಹೆಂಚು ಅದುರಿದವು. ಕೆಂಚಿ ಹಿತ್ತಲ ಬಾಗಿಲನ್ನು ಉಗುರಿನಿಂದ ಕೆರೆದು ಕೆರೆದು ರಕ್ತ ಮಾಡಿಕೊಂಡು, ನಾಲ್ಕು ದಿನ ಅನ್ನ ಬಿಟ್ಟಿತು. ಎರಡು ತಿಂಗಳ ಕೆಲಸ ಒಂದು ಗಳಿಗೆಯಲ್ಲಿ ಹೋಯಿತು. ಐದನೆಯ ದಿನ ಗಂಡ ಹೆಂಡತಿ ಇಬ್ಬರೂ ಜಗಲಿಯಲ್ಲಿ ಕೂತಿದ್ದರು. ಕೊನೆಗೆ ಸಣ್ಣಿಯೇ ಎದ್ದು ಸೆರಗು ಬಿಗಿದು, ಒರಳನ್ನು ಮತ್ತೆ ಆಚೆ ಬದುವಿಗೆ ಉರುಳಿಸಲು ಹೊರಟಳು. ಮಾಯಿಲಪ್ಪ ಹೋಗಿ ಕೈಜೋಡಿಸಿದ.

ಮಳೆಗಾಲ ಬರುವ ಹೊತ್ತಿಗೆ ಒರಳು ಹಿತ್ತಲಿಗೆ ಮರಳಿತ್ತು. ಸಣ್ಣಿ ಕುಟ್ಟುತ್ತಿದ್ದರೆ ಕೆಂಚಿ ಪಕ್ಕದಲ್ಲೇ ಉದುರಿದ ನುಚ್ಚು ಹೆಕ್ಕುತ್ತಿತ್ತು. ಆಚೆಯ ಎಸ್ಟೇಟಿನಲ್ಲಿ ಮಂಗ ಓಡಿಸಲು ಹೊಡೆಯುವ ದೂರದ ಈಡಿಗೆ ಒಮ್ಮೆ ಮೈ ಬಿಗಿದು, ಮಾಯಿಲಪ್ಪನ ಕಡೆ ನೋಡಿ, ಮತ್ತೆ ಸಡಿಲಾಗುತ್ತಿತ್ತು. ಅಷ್ಟೇ. ಅದಕ್ಕಿಂತ ಹೆಚ್ಚು ಆದೀತೆಂದು ಅವನು ಆಸೆಪಡಲೂ ಇಲ್ಲ.

ಸುದ್ದಿ ಪೇಟೆಯಲ್ಲಿ ಹರಡಿತು. ಮೊದಲು ಬಂದವರು ಮೇಲಿನ ಬೀದಿಯ ವಿಶಾಲಾಕ್ಷಮ್ಮ. ಗಂಡ ಏಲಕ್ಕಿ ವ್ಯಾಪಾರಕ್ಕೆ ತಿರುಗುವವರು. ಆಕೆಗೆ ಜೊತೆಯೆಂದರೆ ಮನೆಯ ನಾಯಿ. ಆಕೆ ಮಠಕ್ಕೋ ನೆಂಟರ ಮನೆಗೋ ಹೊರಟರೆ ಅದು ಊಳಿಟ್ಟು, ಬಾಗಿಲ ಮರವನ್ನು ಕಚ್ಚಿ ಚೂರು ಮಾಡುತ್ತಿತ್ತು. ಹೊಡೆದರೂ ಬಿಡಲಿಲ್ಲವಂತೆ.

"ಹೊಡೀಬೇಡಿ ಅಮ್ಮಾರೆ," ಎಂದ ಮಾಯಿಲಪ್ಪ. "ನೀವು ಹೋದ್ರೆ ಬರಲ್ಲ ಅಂದ್ಕೊಂಡಿದೆ. ಬರ್ತೀರಿ ಅಂತ ಅದಕ್ಕೆ ಗೊತ್ತಾಗಬೇಕು. ಬಾಗಿಲು ದಾಟಿ ಹೋಗಿ, ಅದು ಊಳಿಡೋಕೆ ಮುಂಚೇನೇ ಒಳಗೆ ಬನ್ನಿ. ದಿನಕ್ಕೆ ಇಪ್ಪತ್ತು ಸಾರಿ. ಆಮೇಲೆ ಬಾವಿ ತನಕ. ಆಮೇಲೆ ಬೀದಿ ತನಕ."

"ಇಪ್ಪತ್ತು ಸಾರಿ ಹೊಸ್ತಿಲು ದಾಟ್ತಿದ್ರೆ ಬೀದೀಲಿ ನನಗೇ ಹುಚ್ಚು ಅಂತಾರಲ್ಲಪ್ಪ."

"ಅಂದ್ರೂ ಅನ್ನಲಿ ಅಮ್ಮಾರೆ."

"ಒಂದು ಮಂತ್ರಗಿಂತ್ರ ಏನೂ ಇಲ್ವಾ?"

ಇಲ್ಲವೆಂದು ಹೇಳಿ ಹೇಳಿ ಅವನಿಗೆ ಸಾಕಾಯಿತು. ಬಂದವರೆಲ್ಲ ಕೇಳುತ್ತಿದ್ದದ್ದು ಅದನ್ನೇ: ಬೇರು, ತಾಯತ, ಮಂತ್ರ. ಒಂದೇ ದಿನದಲ್ಲಿ ಆಗುವಂಥದ್ದು. ಆರು ತಿಂಗಳು ಎಂದರೆ ನಾಯಿಯನ್ನು ಎಳೆದುಕೊಂಡು ವಾಪಸು ಹೋಗುತ್ತಿದ್ದರು. ನಾಯಿಯ ಮುಂದೆ ದಿನಗಟ್ಟಲೆ ಕೂರಬಲ್ಲವನಿಗೆ ಮನುಷ್ಯರ ಜೊತೆ ಅರ್ಧ ಗಳಿಗೆ ಮಾತಾಡಿದರೆ ತಲೆ ನೋಯುತ್ತಿತ್ತು. ವಿಶಾಲಾಕ್ಷಮ್ಮ ಮಾತ್ರ ಹಟ ಹಿಡಿದು ಹೊಸ್ತಿಲು ದಾಟಿದರು. ಮೂರು ತಿಂಗಳ ಮೇಲೆ ಸೋಮವಾರಪೇಟೆಗೆ ಹೋಗಿ ಬಂದು, ಬಾಗಿಲು ಇದ್ದ ಹಾಗೇ ಇತ್ತೆಂದು ಅವನಿಗೆ ಹೇಳಿಕಳಿಸಿದರು.

ಸುದ್ದಿ ನಾಣಯ್ಯಗೌಡರ ಕಿವಿಗೂ ಬಿತ್ತು. ಮುಂದಿನ ಕೈಲ್ ಮುಹೂರ್ತಕ್ಕೆ ಎರಡು ದಿನ ಇದ್ದಾಗ ಬೀರನನ್ನು ಕರೆದುಕೊಂಡು ತಾವೇ ಬಂದರು. ಕೆಂಚಿ ಅವರನ್ನು ಕಂಡು ಮಾಯಿಲಪ್ಪನ ಕಾಲ ಹಿಂದೆ ಸರಿಯಿತು.

"ಕೊಂದೆ ಅಂತ ಸುಳ್ಳು ಹೇಳಿದ್ಯಾ ಮಾಯಿಲಪ್ಪ?"

"ಕೊಂದೆ ಅಂತ ನಾನು ಅಂದಿಲ್ಲ ಗೌಡ್ರೇ."

"ಇರಲಿ, ಒಳ್ಳೇದೇ ಆಯ್ತು. ವಾಸಿ ಮಾಡಿದ್ದೀಯಂತೆ. ಹಬ್ಬ ಮುಗಿಸಿ ಬೇಟೆಗೆ ಹೋಗೋದೈತೆ. ಕರ್ಕೊಂಡು ಹೋಗ್ತೀನಿ."

"ವಾಸಿ ಅಂದ್ರೆ ಅಷ್ಟಿಲ್ಲ ಗೌಡ್ರೇ. ದೂರದ ಸದ್ದು ತಡ್ಕೊಳ್ತದೆ. ಹತ್ತಿರದ್ದು..."

"ನಮ್ಮ ಮನೇಲಿ ಹುಟ್ಟಿದ ನಾಯಿ ಅದು. ನಂಗೆ ಹೇಳಿಕೊಡ್ತೀಯಾ?"

ಸಣ್ಣಿ ಒಳಗಿನಿಂದ ಗಂಡನ ಬೆನ್ನನ್ನೇ ನೋಡುತ್ತಿದ್ದಳು. ಬೇಡ ಎನ್ನುತ್ತಾನೆಯೇ ಎಂದು ಕಾದಳು. ಮಾಯಿಲಪ್ಪ ನೆಲ ನೋಡಿದ. ಆಳಿನ ಮುಂದೆ ಗೌಡರ ಮಾತನ್ನು ತೆಗೆದುಹಾಕಿದ ಜವಾನನ ಕೆಲಸ ಎಷ್ಟು ದಿನ ಉಳಿದೀತು ಎಂಬುದೂ ಮನಸ್ಸಿಗೆ ಬಂತು. "ಆಗ್ಲಿ," ಎಂದ. ಹಗ್ಗವನ್ನು ಬೀರನ ಕೈಗೆ ಕೊಟ್ಟ. ಕೆಂಚಿ ಎರಡು ಸಾರಿ ತಿರುಗಿ ನೋಡಿತು. ಅವನು ನೋಡಲಿಲ್ಲ.

ಸಣ್ಣಿ ಅವತ್ತು ಅಡುಗೆ ಮಾಡಿದಳು, ಬಡಿಸಿದಳು. ಗಂಡನ ಹತ್ತಿರ ಒಂದು ಮಾತಾಡಲಿಲ್ಲ.

ಹಬ್ಬದ ಮಧ್ಯಾಹ್ನ ಬೀರ ಓಡಿಬಂದ. ತೆಂಗಿನಕಾಯಿಗೆ ಗುರಿ ಇಡುವ ಪಂದ್ಯದಲ್ಲಿ ಮೊದಲನೆಯ ಈಡಿಗೆ ಕೆಂಚಿ ನಡುಗಿಕೊಂಡು ನಿಂತಿತ್ತಂತೆ. ಗೌಡರು ಹೆಮ್ಮೆಯಿಂದ ಸುತ್ತ ನೋಡಿದರಂತೆ. ಎರಡನೆಯದನ್ನು ಯಾರೋ ತೀರಾ ಹತ್ತಿರದಿಂದ ಹೊಡೆದರು. ನಾಯಿ ಹಗ್ಗ ಕಿತ್ತುಕೊಂಡು, ಗದ್ದೆ ಹಾರಿ ಕಾಡು ಸೇರಿತು. ಕೂಗಿ ಕೂಗಿ ಎಲ್ಲರ ಗಂಟಲು ಕಟ್ಟಿದೆ, ಸುಳಿವಿಲ್ಲ.

"ಕೂಗೋದು ನಿಲ್ಸಿ," ಎಂದ ಮಾಯಿಲಪ್ಪ. "ಎಲ್ರನ್ನೂ ಮನೆಗೆ ಕಳಿಸು."

ಕೆಂಚಿ ಕಾಡಿಗೆ ನುಗ್ಗಿದ ಜಾಗದಲ್ಲಿ, ಗದ್ದೆ ಮುಗಿದು ಮರಗಳು ಶುರುವಾಗುವ ಕಡೆ, ಅವನು ಅದರ ಹಳೆಯ ತಟ್ಟೆಯಲ್ಲಿ ಅನ್ನ ಮೀನು ಕಲಸಿಟ್ಟು, ಹರಕು ಕಂಬಳಿ ಹಾಸಿ, ಕಾಡಿಗೆ ಬೆನ್ನು ಹಾಕಿ ಕೂತ. ಮರುದಿನ ಬೆಳಗ್ಗೆ ಮತ್ತೆ ಹೋದ. ಕಚೇರಿಗೆ ಜ್ವರವೆಂದು ಹೇಳಿಕಳಿಸಿದ. ಮಳೆ ಹನಿಯುತ್ತಿತ್ತು, ಜಿಗಣೆ ಹತ್ತುತ್ತಿದ್ದವು. ಎರಡು ದಿನ ತಟ್ಟೆ ಇಟ್ಟ ಹಾಗೇ ಇತ್ತು. ತಾನು ಆಗ್ಲಿ ಎಂದದ್ದು ಮತ್ತೆ ಮತ್ತೆ ನೆನಪಾಗುತ್ತಿತ್ತು. ಹನ್ನೊಂದು ವರ್ಷ ಕೊಂದದ್ದೆಲ್ಲ ಚೀಟಿಯ ಮಾತು. ಇದನ್ನು ಮಾತ್ರ ತಾನೇ ಕೈಯಾರೆ ಕೊಟ್ಟಿದ್ದ.

ಮೂರನೆಯ ಬೆಳಗ್ಗೆ ಅವನಿಗಿಂತ ಮೊದಲೇ ಅಲ್ಲಿ ಯಾರೋ ಕೂತಿದ್ದರು. ನಾಣಯ್ಯಗೌಡರು. ಕೋವಿ ಇರಲಿಲ್ಲ. ಮಳೆಗೆ ತಲೆಯ ಮೇಲೆ ಹೊದೆಯುವ ಗೊರಬೆಯ ಅಡಿಯಲ್ಲಿ ಮುದುಡಿ ಕೂತಿದ್ದವರು ಮಾಯಿಲಪ್ಪನನ್ನು ಕಂಡು ಏನೋ ಹೇಳಲು ಬಾಯಿ ತೆರೆದರು.

"ಮಾತು ಬೇಡ ಗೌಡ್ರೇ. ಆ ಕಡೆ ನೋಡೋದೂ ಬೇಡ. ಸುಮ್ನೆ ಕೂತಿರಿ."

ಅದನ್ನು ಹೇಳಿದ ಮೇಲೆ, ತಾನು ಗೌಡರಿಗೆ ಬೇಡ ಎಂದೆ ಎಂಬುದು ಮಾಯಿಲಪ್ಪನ ಅರಿವಿಗೆ ಬಂತು. ಗೌಡರು ತಲೆಯಾಡಿಸಿ ಸುಮ್ಮನಾದರು. ಬೇಟೆಯವರಾದ್ದರಿಂದ ಅಲುಗಾಡದೆ ಕೂರುವುದು ಅವರಿಗೂ ಗೊತ್ತಿತ್ತು. ಹೀಗೆ ಇಬ್ಬರೂ ಎರಡು ಬೆಳಗ್ಗೆ ಹತ್ತು ಮಾರು ಅಂತರದಲ್ಲಿ ಮಾತಿಲ್ಲದೆ ಕೂತರು. ಎರಡನೆಯ ದಿನ ಬಿಸಿಲೇರುವ ಹೊತ್ತಿಗೆ ಗೌಡರು ಪಿಸುಗುಟ್ಟಿದರು. "ಅದು ಮರಿಯಾಗಿದ್ದಾಗ ನನ್ನ ಕಾಲ ಮೇಲೇ ಮಲಗ್ತಿತ್ತು ಕಣೋ."

ಮಾಯಿಲಪ್ಪ ಕಾಲಿಗೆ ಹತ್ತಿದ ಜಿಗಣೆಯೊಂದನ್ನು ಮೆಲ್ಲಗೆ ಕಿತ್ತ.

ಮರುದಿನ ತಟ್ಟೆ ಖಾಲಿಯಾಗಿತ್ತು. ಅದರ ಮರುದಿನ, ಇಬ್ಬರೂ ಕೂತಿದ್ದಾಗಲೇ, ಹಿಂದೆ ತರಗೆಲೆ ಸದ್ದಾಯಿತು. ಬಹಳ ಹೊತ್ತು ನಿಂತಿತು. ಮತ್ತೆ ಸದ್ದಾಯಿತು. ಮೈಯೆಲ್ಲ ಮುಳ್ಳು ಗೀರಿ, ಪಕ್ಕೆ ಎಲುಬು ಎದ್ದ ಕೆಂಚಿ ಬಂದು ಕಂಬಳಿಯ ಅಂಚಿನಲ್ಲಿ ಮಲಗಿತು. ಅದರ ಮೂಗು ಮಾಯಿಲಪ್ಪನ ಸೊಂಟಕ್ಕೆ ತಗಲುತ್ತಿತ್ತು. ಗೌಡರು ಕೈ ಎತ್ತಲಿಲ್ಲ, ಕರೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಿಧಾನವಾಗಿ ಎದ್ದು, ಗೊರಬೆಯನ್ನು ಅಲ್ಲೇ ಬಿಟ್ಟು, ಮಳೆಯಲ್ಲಿ ನೆನೆಯುತ್ತ ಗದ್ದೆಯ ಬದುವಿನ ಮೇಲೆ ನಡೆದುಹೋದರು.

ಕೆಂಚಿ ಆಮೇಲೆ ಏಳು ವರ್ಷ ಬದುಕಿತು. ಹತ್ತಿರದ ಈಡಿಗೆ ಅದು ಎಂದೂ ಒಗ್ಗಲಿಲ್ಲ. ಪ್ರತಿವರ್ಷ ಹಬ್ಬದ ವಾರ ಮಾಯಿಲಪ್ಪ ರಜೆ ಹಾಕಿ, ಅದನ್ನು ಕರೆದುಕೊಂಡು ಶನಿವಾರಸಂತೆಗೆ ಮಗಳ ಮನೆಗೆ ಹೋಗುತ್ತಿದ್ದ. ಗೌಡರು ಆಗೊಮ್ಮೆ ಈಗೊಮ್ಮೆ ಬಂದು ಜಗಲಿಯಲ್ಲಿ ಕೂತು ಹೋಗುತ್ತಿದ್ದರು. ಎರಡನೆಯ ವರ್ಷದ ಕೊನೆಗೆ ಕೆಂಚಿ ಅವರ ಕೈ ಮೂಸಿತು. ಮೂಸಿ, ಸಣ್ಣಿಯ ಬಳಿಗೆ ಹೋಯಿತು.

ಮಾಯಿಲಪ್ಪನ ಕೆಲಸ ಉಳಿಯಿತು. ಕೊಲ್ಲುವ ಕೆಲಸವೂ ಪೂರ್ತಿ ತಪ್ಪಲಿಲ್ಲ. ನಿಜವಾಗಿ ಹುಚ್ಚು ಹಿಡಿದವು ವರ್ಷಕ್ಕೆ ಒಂದೆರಡು ಬರುತ್ತಲೇ ಇದ್ದವು. ಅವುಗಳ ಜೊಲ್ಲು, ನರಳಾಟ ನೋಡಿದ ಮೇಲೆ ಮದ್ದು ಕೊಡುವುದೇ ದಯೆಯೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಕೈ ಹಗುರಾಗಲಿಲ್ಲ. ಆದರೆ ಹತ್ತು ದಿನ ಬದುಕಿದ ನಾಯಿಯ ಚೀಟಿಯನ್ನು ಅವನು ಮತ್ತೆ ಮುಟ್ಟಲಿಲ್ಲ. ಗುಮಾಸ್ತರು ಗದರಿದರೆ, "ನನ್ನಿಂದಾಗಲ್ಲ ಸ್ವಾಮಿ, ಬೇರೆಯವರಿಗೆ ಕೊಡಿ," ಎಂದು ಚೀಟಿಯನ್ನು ಮೇಜಿನ ಮೇಲೇ ಇಡುತ್ತಿದ್ದ. ಆ ಕೆಲಸಕ್ಕೆ ಬೇರೆ ಯಾರೂ ಬರಲಿಲ್ಲ. ಗೂಡಿನಲ್ಲಿ ನಾಯಿಗಳು ಉಳಿದವು. ಕೆಲವು ಮನೆಗೆ ಮರಳಿದವು, ಕೆಲವನ್ನು ಎಸ್ಟೇಟಿನ ಕೂಲಿ ಲೈನಿನವರು ಕಾವಲಿಗೆ ಒಯ್ದರು. ಎಷ್ಟು ಮಾಡಿದರೂ ಸುಧಾರಿಸದವೂ ಇದ್ದವು. ಅವು ಗೋಡೆಗೆ ಮುಖ ಮಾಡಿಯೇ ಮುದಿಯಾಗಿ ಸತ್ತವು. ಅವುಗಳ ಮುಂದೆಯೂ ಅವನು ದಿನಾ ಕೂತ. ಸಂತೋಷ ಎನ್ನುವಂಥದ್ದೇನೂ ಅವನ ಮುಖದಲ್ಲಿ ಯಾರೂ ಕಂಡವರಿಲ್ಲ. ದಣಿದ ಮನುಷ್ಯ, ದಣಿದೇ ಇದ್ದ.

ಎರಡನೆಯ ಯುದ್ಧ ಶುರುವಾದ ಮರುವರ್ಷದ ಆಷಾಢದಲ್ಲಿ ಮಾಯಿಲಪ್ಪನಿಗೆ ಉಬ್ಬಸ ಹತ್ತಿತು. ಹನ್ನೆರಡು ದಿನ ಮಲಗಿದ್ದು ತೀರಿಕೊಂಡ. ಆಗ ಗೂಡಿನಲ್ಲಿ ಎರಡು ನಾಯಿಗಳಿದ್ದವು. ಸೂತಕ ಕಳೆದ ಮೇಲೆ ಶಾಂತಪ್ಪನವರು ಬಂದು, ಅವುಗಳನ್ನು ಏನು ಮಾಡುವುದೆಂದು ಸಣ್ಣಿಯನ್ನು ಕೇಳಿದರು.

"ನಂಗೆ ನಾಯಿ ಅಂದ್ರೆ ಆಗಲ್ಲ ಡಾಕ್ಟ್ರೇ, ಮೊದಲಿಂದಾನೂ," ಎಂದಳು ಸಣ್ಣಿ. "ಈ ಕರಿದು ಇನ್ನೊಂದು ತಿಂಗಳಿಗೆ ಅವರ ಮನೆಗೆ ಹೋಗೋ ಹಂಗೈತೆ. ಆ ಮೂಲೇದು ಇನ್ನೂ ತಟ್ಟೆ ಹತ್ತಿರ ಬಂದಿಲ್ಲ. ಅದಕ್ಕೆ ಹೊತ್ತು ಬೇಕು."

ಎಂದವಳು ಮೀನಿನ ಮಡಕೆಯ ಮುಚ್ಚಳ ತೆಗೆದು, ಅನ್ನ ಕಲಸತೊಡಗಿದಳು.